ಇನ್ನೂರೊಂದು ಅಂಕಿಯೊಳಗೆ ಅಡಗಿದ್ದ ಒಂಬತ್ತು ಅಂಕಿ

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದೆ. ಅದು ಈಗ ಚೀಲ, ಕ್ವಿಂಟಾಲ್, ಕಮಿಷನ್ನಿಗೆ ಬಂದು ನಿಂತಿದೆ. ಹಾಗಂತ ಬೇಜಾರೇನಿಲ್ಲ. ಸಂಖ್ಯೆಗಳ ಜೊತೆ ದಿನ ಕಳೆಯುತ್ತದೆ, ಅಷ್ಟು ಸಾಕು.

ಒಂದು ಮಧ್ಯಾಹ್ನ ಟೀ ಕುಡಿಯುವಾಗ ಶಕುಂತಲಾ ದೇವಿಯವರ ಮಾತು ಬಂತು. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ, 201 ಅಂಕಿಯ ಒಂದು ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರಲ್ಲ, ಅದು. 23ನೇ ಮೂಲ ಎಂದರೆ, 23 ಸಲ ಬರೆದು ಒಟ್ಟಿಗೆ ಗುಣಿಸಿದರೆ ಆ ದೊಡ್ಡ ಸಂಖ್ಯೆ ಬರುವಂಥ ಚಿಕ್ಕ ಸಂಖ್ಯೆ. ಉತ್ತರ ಸರಿಯೋ ಎಂದು ಯುನಿವ್ಯಾಕ್ ಕಂಪ್ಯೂಟರಿನಲ್ಲಿ ನೋಡಬೇಕಾಯಿತು. ನಮ್ಮ ಹಿರಿಯ ಗುಮಾಸ್ತರನ್ನು ಎಲ್ಲರೂ ರಾಯರು ಎನ್ನುತ್ತಾರೆ. ಅವರು ಲೋಟ ಕೆಳಗಿಟ್ಟು, "ಅದೆಲ್ಲಾ ಮೊದಲೇ ಬಾಯಿಪಾಠ ಮಾಡ್ಕೊಂಡು ಬಂದಿರ್ತಾರೆ ಕಣಯ್ಯಾ. ಇನ್ನೂರು ಅಂಕಿ ಯಾರ ತಲೇಲಿ ನಿಲ್ಲುತ್ತೆ?" ಎಂದರು.

ನನಗೆ ಸುಮ್ನಿರೋಕಾಗಲಿಲ್ಲ. "ರಾಯರೇ, ಕಂಪ್ಯೂಟರ್ ಇಲ್ಲದೆ, ಬರೀ ಪೆನ್ನು ಹಾಳೆಯಲ್ಲಿ ನಾನು ತೆಗೆದು ತೋರಿಸ್ತೀನಿ. 50 ಸೆಕೆಂಡ್ ಅಲ್ಲ, ಒಂದು ವಾರ ಕೊಡಿ" ಎಂದುಬಿಟ್ಟೆ. ಹೇಗೆ ತೆಗೆಯುವುದು ಎಂದು ಆಗ ನನಗೂ ಗೊತ್ತಿರಲಿಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಫೋನಿನಲ್ಲಿ ಸಂಖ್ಯೆ ಹುಡುಕಿ ಓದಿದಳು, ನಾನು ಮೂರು ಮೂರು ಅಂಕಿಯ ಗುಂಪು ಮಾಡಿ ಬರೆದುಕೊಂಡೆ. ಉತ್ತರವನ್ನು ಚೀಟಿಯಲ್ಲಿ ಬರೆದು ಮಡಚಿ ಅವಳೇ ಇಟ್ಟುಕೊಂಡಳು. ಸಂಖ್ಯೆ ಇದು:

916 748 676 920 039 158 098 660 927 585 380 162 483 106 680 144 308 622 407 126 516 427 934 657 040 867 096 593 279 205 767 480 806 790 022 783 016 354 924 852 380 335 745 316 935 111 903 596 577 547 340 075 681 688 305 620 821 016 129 132 845 564 805 780 158 806 771

ಒಟ್ಟು 67 ಗುಂಪು. ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ನನಗೂ ಹಾಗೇ ಆಯಿತು. ಆಮೇಲೆ ಒಂದು ವಿಷಯ ಹೊಳೆಯಿತು. ಇಲ್ಲಿ ಹುಡುಕಬೇಕಾದ ಸಂಖ್ಯೆ ದೊಡ್ಡದೇನಲ್ಲ. 1ರ ಮುಂದೆ ಎಂಟು ಸೊನ್ನೆ ಇಟ್ಟು 23 ಸಲ ಗುಣಿಸಿದರೆ 184 ಸೊನ್ನೆ ಬರುತ್ತದೆ, ಅಂದರೆ 185 ಅಂಕಿ. ಒಂಬತ್ತು ಸೊನ್ನೆ ಇಟ್ಟರೆ 208 ಅಂಕಿ. ನಮ್ಮ 201 ಇವೆರಡರ ನಡುವೆ ಬೀಳುತ್ತದೆ. ಹಾಗಾಗಿ ಮೂಲಕ್ಕೆ ಇರುವುದು ಒಂಬತ್ತೇ ಅಂಕಿ. ಇದೇ ಸಂಖ್ಯೆಯ ಘನಮೂಲ ಕೇಳಿದ್ದರೆ 67 ಅಂಕಿಯ ಉತ್ತರ ಹುಡುಕಬೇಕಿತ್ತು, ಅದಕ್ಕೆ ನಾನು ಕೈ ಹಾಕುತ್ತಲೇ ಇರಲಿಲ್ಲ. 23ನೇ ಮೂಲ ಎಂದರೆ ಘನಮೂಲಕ್ಕಿಂತ ಕಷ್ಟ ಎಂದು ಕೇಳಿದವರೆಲ್ಲ ಅಂದುಕೊಳ್ಳುತ್ತಾರೆ. ಇಲ್ಲಿ ಉಲ್ಟಾ. ಮೂಲ ಮೇಲೇರಿದಷ್ಟೂ ಉತ್ತರ ಚಿಕ್ಕದಾಗುತ್ತದೆ.

ಒಂಬತ್ತು ಅಂಕಿಯನ್ನು ಎರಡು ಕಡೆಯಿಂದ ಹಿಡಿಯೋಣ ಎಂದುಕೊಂಡೆ. ಬಾಲದ ಕಡೆಯಿಂದ ಒಂದಷ್ಟು, ತಲೆಯ ಕಡೆಯಿಂದ ಒಂದಷ್ಟು.

ಬಾಲದಿಂದ ಶುರು ಮಾಡಿದೆ. ಯಾವುದೇ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತಾ ಹೋದರೆ ಬಿಡಿ ಸ್ಥಾನದ ಅಂಕಿ ನಾಲ್ಕು ನಾಲ್ಕು ಹೆಜ್ಜೆಗೆ ಸುತ್ತು ಹೊಡೆಯುತ್ತದೆ. 23ರಲ್ಲಿ ನಾಲ್ಕರ ಐದು ಸುತ್ತು ಹೋದರೆ 3 ಉಳಿಯುತ್ತದೆ. ಹಾಗಾಗಿ ಬಿಡಿ ಅಂಕಿಯ ಮಟ್ಟಿಗೆ 23ನೇ ಘಾತವೂ (23 ಸಲ ಬರೆದು ಗುಣಿಸಿದ್ದು) ಒಂದೇ, ಘನವೂ (ಮೂರು ಸಲ ಬರೆದು ಗುಣಿಸಿದ್ದು) ಒಂದೇ. ಘನದಲ್ಲಿ 2 ಇದ್ದದ್ದು 8 ಆಗುತ್ತದೆ, 8 ಇದ್ದದ್ದು 2. 3 ಮತ್ತು 7 ಹಾಗೇ ಅದಲುಬದಲು. ಉಳಿದವು ಇದ್ದಂತೆಯೇ. ನಮ್ಮ ಸಂಖ್ಯೆ 1ರಲ್ಲಿ ಮುಗಿಯುತ್ತದೆ, ಹಾಗಾದರೆ ಮೂಲವೂ 1ರಲ್ಲೇ ಮುಗಿಯಬೇಕು.

ಕೊನೆಯ ಎರಡು ಅಂಕಿಗೂ ಇದೇ ಸುಲಭ ದಾರಿ ನಡೆಯುತ್ತದೆ, ಅಲ್ಲಿ ಸುತ್ತು 20 ಹೆಜ್ಜೆಯದು. 23ರಲ್ಲಿ 20 ಕಳೆದರೆ ಮತ್ತೆ 3. ಸರಿ, 1ರಲ್ಲಿ ಮುಗಿಯುವ ಎರಡಂಕಿ ಸಂಖ್ಯೆಗಳ ಘನ ಬರೆಯುತ್ತಾ ಹೋದೆ. 11ರ ಘನ 1331. 21ರದ್ದು 9261. 31ರದ್ದು 29791. ಕೊನೆಯ ಎರಡು ಅಂಕಿ ನೋಡಿ: 31, 61, 91. ಮೂವತ್ತು ಮೂವತ್ತು ಏರುತ್ತಿದೆ. ಮುಂದಿನವು 21, 51, 81, 11, 41, ಕೊನೆಗೆ 91ರ ಘನ 7,53,571ಕ್ಕೆ 71. ನಮಗೆ ಬೇಕಾದದ್ದೂ 71. ಒಂದು ಬಾಲ ಒಂದೇ ಸಲ ಬಂತು, ಎರಡನೇ ಸಲ ಬರಲಿಲ್ಲ. ಹಾಗಾಗಿ ಗೊಂದಲವೇ ಇಲ್ಲ. ಮೂಲದ ಕೊನೆ 91.

ಇಷ್ಟು ಸಲೀಸಾಗಿ ಬಂದದ್ದು ನೋಡಿ ತಲೆ ತಿರುಗಿತು. ಮೂರನೇ ಅಂಕಿಗೂ ಘನವನ್ನೇ ನಂಬಿದೆ. 491ರ ಘನ 11,83,70,771. ಕೊನೆಯಲ್ಲಿ 771. ಸಿಕ್ಕಿತು ಎಂದು ಗೆರೆ ಎಳೆದು ಮಲಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಅನುಮಾನ ಬಂತು. ಮೂರು ಅಂಕಿಗೆ ಸುತ್ತು 20 ಅಲ್ಲ, 100. 23ನ್ನು 3 ಎಂದುಕೊಳ್ಳೋದಕ್ಕೆ ಅಲ್ಲಿ ಅವಕಾಶವೇ ಇಲ್ಲ. ಒಂದು ಸಂಜೆಯ ಕೆಲಸ ಹೋಯಿತು.

ಎರಡನೇ ಸಂಜೆ ನೇರ ಗುಣಾಕಾರಕ್ಕೇ ಇಳಿದೆ. 91ನ್ನು 23 ಸಲ ಗುಣಿಸಬೇಕಿಲ್ಲ. ವರ್ಗ, ವರ್ಗದ ವರ್ಗ ಹೀಗೆ ಹಾರುತ್ತಾ ಹೋದರೆ ಸಾಕು, ಪ್ರತಿ ಸಲ ಕೊನೆಯ ಮೂರು ಅಂಕಿ ಇಟ್ಟುಕೊಂಡು ಉಳಿದದ್ದು ಬಿಡಬೇಕು. 91ರ ವರ್ಗದ ಬಾಲ 281. ಅದರ ವರ್ಗದ್ದು 961, ಇದು 4ನೇ ಘಾತ. ಆಮೇಲೆ 521, ಇದು 8ನೆಯದು. ಆಮೇಲೆ 441, ಇದು 16ನೆಯದು. 23 ಎಂದರೆ 16, 4, 2, 1 ಕೂಡಿದ್ದು. ಆ ನಾಲ್ಕನ್ನು ಗುಣಿಸಿದರೆ ಬಾಲ 371 ಬಂತು. ಬೇಕಾದದ್ದು 771. ಮೂಲದ ನೂರರ ಸ್ಥಾನವನ್ನು ಒಂದು ಏರಿಸಿದರೆ ಫಲ 2300 ಏರುತ್ತದೆ, ಅಂದರೆ ಬಾಲದಲ್ಲಿ 300. 371, 671, 971, 271, 571, 871, 171, 471, 771. ಎಂಟು ಹೆಜ್ಜೆ. ಹಾಗಾದರೆ ನೂರರ ಸ್ಥಾನ 8. ಬಾಲ 891.

ಇಲ್ಲಿಂದ ಮುಂದೆ ದಾರಿ ನೆಟ್ಟಗಿದೆ. ಪ್ರತಿ ಅಂಕಿಗೂ ಅದೇ ಆಟ, ಗುಣಾಕಾರ ಮಾತ್ರ ಉದ್ದ. 891ರ 23ನೇ ಘಾತ 0771ರಲ್ಲಿ ಮುಗಿಯುತ್ತದೆ. ನಮ್ಮ ಸಂಖ್ಯೆ 6771ರಲ್ಲಿ. ಒಂದು ಹೆಜ್ಜೆಗೆ 3000, ಎರಡು ಹೆಜ್ಜೆ ಸಾಕು. 2891. ಅದರ 23ನೇ ಘಾತ 96771ರಲ್ಲಿ ಮುಗಿಯುತ್ತದೆ, ಬೇಕಾದದ್ದು 06771. ಹೆಜ್ಜೆಗೆ 30,000ದಂತೆ ಏಳು ಹೆಜ್ಜೆ. 72891. ಐದು ಅಂಕಿ ಕೈಗೆ ಬಂತು. ಆರನೆಯದಕ್ಕೆ ಹೋಗಲಿಲ್ಲ. ಐದಂಕಿಯಿಂದ ಐದಂಕಿ ಗುಣಿಸಿ ಗುಣಿಸಿ ಬೆರಳು ನೋಯುತ್ತಿತ್ತು. ಮಂಡಿಯಲ್ಲಿ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಕೈ ಬರಹದ ಲೆಕ್ಕ ಇಷ್ಟು ಮರೆತಿದ್ದೇನೆ ಎಂದು ಗೊತ್ತಿರಲಿಲ್ಲ.

ಒಂದು ಮಾತು. 23 ಅನ್ನುವುದು ಈ ಕೆಲಸಕ್ಕೆ ಹೇಳಿ ಮಾಡಿಸಿದ ಸಂಖ್ಯೆ. 22ನೇ ಮೂಲವನ್ನೋ 25ನೆಯದನ್ನೋ ಕೇಳಿದ್ದರೆ ಒಂದೇ ಬಾಲಕ್ಕೆ ನಾಲ್ಕಾರು ಮೂಲಗಳು ಸಿಕ್ಕಿ ಬಾಲದ ದಾರಿ ಅಲ್ಲಿಗೇ ಕೆಡುತ್ತಿತ್ತು. ಮೂಲ 5ರಲ್ಲೋ ಸೊನ್ನೆಯಲ್ಲೋ ಮುಗಿದಿದ್ದರೂ ಅಷ್ಟೆ. ಇಲ್ಲಿ 1ರಲ್ಲಿ ಮುಗಿದದ್ದರಿಂದ ಪ್ರತಿ ಹೆಜ್ಜೆಗೂ ಅಚ್ಚುಕಟ್ಟಾಗಿ 3ರ ಏರಿಕೆ ಸಿಕ್ಕಿತು.

ಇನ್ನು ತಲೆ. ಬೇಕಿರುವುದು ನಾಲ್ಕೇ ಅಂಕಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಪಿಯುಸಿ ಕಾಲದ ಲಾಗ್ ಟೇಬಲ್ ಇತ್ತು. ಅಂಚು ಗೆದ್ದಲು ತಿಂದಿತ್ತು, ಅಂಕಿಗಳು ಉಳಿದಿದ್ದವು. ಒಂದು ಸಂಖ್ಯೆ 10ರ ಎಷ್ಟನೇ ಘಾತ ಎಂದು ಹೇಳುವುದು ಅದರ ಲಾಗ್; ಲಾಗನ್ನು 23ರಿಂದ ಭಾಗಿಸಿದರೆ 23ನೇ ಮೂಲದ ಲಾಗ್ ಸಿಗುತ್ತದೆ. 201 ಅಂಕಿ ಇರುವುದರಿಂದ ಲಾಗ್‌ನ ಪೂರ್ಣ ಭಾಗ 200. ಮೊದಲ ಅಂಕಿಗಳು 9167, ಟೇಬಲ್‌ನಲ್ಲಿ ಅದಕ್ಕೆ .9622. ಒಟ್ಟು 200.9622. ಇದನ್ನು 23ರಿಂದ ಭಾಗಿಸಿದರೆ 8.73749. ಈಗ .73749 ಯಾವ ಸಂಖ್ಯೆಯ ಲಾಗ್ ಎಂದು ಹಿಂದಕ್ಕೆ ಹುಡುಕಬೇಕು. ಟೇಬಲ್‌ನಲ್ಲಿ 5463ಕ್ಕೆ .7374, 5464ಕ್ಕೆ .7375. ನನ್ನದು .7375ಕ್ಕೆ ಹತ್ತಿರ. ಹಾಗಾಗಿ 5464 ಎಂದು ಬರೆದೆ. ತಲೆಗೆ ಬಾಲ ಜೋಡಿಸಿದೆ: 54,64,72,891.

ಮರುದಿನ ಮಂಡಿಗೆ ಹಾಳೆ ತೆಗೆದುಕೊಂಡು ಹೋದೆ. ರಾಯರು ಕನ್ನಡಕ ಏರಿಸಿ ನೋಡಿದರು. "ಒಂಬತ್ತು ಕಳೆದು ನೋಡಿದೆಯಾ?" ಎಂದು ಕೇಳಿದರು. ಅವರ ಕಾಲದಲ್ಲಿ ದೊಡ್ಡ ಗುಣಾಕಾರ ಸರಿಯೋ ತಪ್ಪೋ ನೋಡುತ್ತಿದ್ದುದೇ ಹಾಗೆ: ಅಂಕಿಗಳನ್ನು ಕೂಡಿ, ಒಂಬತ್ತಾದಾಗಲೆಲ್ಲ ಎಸೆದು, ಉಳಿದದ್ದನ್ನು ತಾಳೆ ಹಾಕುವುದು. ನಾನು ನೋಡಿರಲಿಲ್ಲ. ರಾಯರು ಪೆನ್ಸಿಲ್ ತುದಿಯನ್ನು ಅಂಕಿಗಳ ಮೇಲೆ ಓಡಿಸಿದರು. ತುಟಿ ಅಲ್ಲಾಡುತ್ತಿತ್ತು, ಅಷ್ಟೆ. 201 ಅಂಕಿ ಮುಗಿಸಿ "ಎಂಟುನೂರ ಎಂಬತ್ತೆರಡು" ಎಂದರು. ನಾನು ಆಮೇಲೆ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಕೂಡಿದೆ. 882ಕ್ಕೆ 882.

882 ಒಂಬತ್ತರಿಂದ ಸರಿಯಾಗಿ ಹೋಗುತ್ತದೆ, ಹಾಗಾದರೆ ದೊಡ್ಡ ಸಂಖ್ಯೆಯೂ ಹೋಗುತ್ತದೆ. ನನ್ನ ಉತ್ತರದ ಅಂಕಿಗಳ ಮೊತ್ತ 46. ಒಂಬತ್ತು ಕಳೆದರೆ 1 ಉಳಿಯುತ್ತದೆ. 1ನ್ನು ಎಷ್ಟು ಸಲ ಗುಣಿಸಿದರೂ 1. ತಾಳೆ ಆಗಲಿಲ್ಲ. "ಎಲ್ಲೋ ಒಂದು ಜಾಸ್ತಿ ಬರೆದಿದ್ದೀಯ" ಎಂದು ರಾಯರು ಹಾಳೆ ವಾಪಸ್ ಕೊಟ್ಟರು. ನಿಜಕ್ಕೂ ಒಂದೇ ಜಾಸ್ತಿ ಬರೆದಿದ್ದೆ.

ತಪ್ಪು ಏನು ಎಂದು ಸಂಜೆ ಕೂತು ನೋಡಿದೆ. ಲಾಗ್ ಟೇಬಲ್ ಒಂದು ಸಂಖ್ಯೆಯನ್ನು ಹತ್ತಿರದ ನಾಲ್ಕನೇ ಸ್ಥಾನಕ್ಕೆ ತಂದು ನಿಲ್ಲಿಸುತ್ತದೆ. 23ರಿಂದ ಭಾಗಿಸುವಾಗ ಆ ಸಣ್ಣ ತಪ್ಪೂ 23 ಪಾಲಾಗುತ್ತದೆ. ಹೋಗುವಾಗ ಇದು ದೊಡ್ಡ ಲಾಭ, .73749 ಅನ್ನುವುದು ಐದನೇ ಸ್ಥಾನದವರೆಗೂ ಗಟ್ಟಿ. ಹಿಂದಕ್ಕೆ ಬರುವಾಗ ಮಾತ್ರ ಟೇಬಲ್ ಮೊಂಡು. 5463ರ ನಿಜವಾದ ಲಾಗ್ .73743, 5464ರದ್ದು .73751. ನನ್ನ .73749 ಇವೆರಡರ ನಡುವೆ ಇದೆ, ಅಂದರೆ 5463ರ ಮೇಲೆ ಏನೋ ಚೂರು. ಉತ್ತರದ ಮೊದಲ ನಾಲ್ಕು ಅಂಕಿ 5463 ಆಗಿ, ಮುಂದಿನ ಅಂಕಿ 7ರ ಆಸುಪಾಸು ಇರಬೇಕು. ನಾನು ಅಂಗಡಿಯವರ ಹಾಗೆ ಹತ್ತಿರದ ರೂಪಾಯಿಗೆ ಏರಿಸಿಬಿಟ್ಟಿದ್ದೆ. ಇಲ್ಲಿ ಚಿಲ್ಲರೆ ಬಿಡೋ ಹಾಗಿಲ್ಲ, ಆ ಚಿಲ್ಲರೆಯೇ ಬಾಲದ ಮೊದಲ ಅಂಕಿ.

ಬಾಲ 72891 ಶುರುವಾಗುವುದೂ 7ರಿಂದಲೇ ಎಂದು ನೋಡಿದಾಗ ಮೈ ಜುಂ ಎಂದಿತು. ತಲೆ ಬೇರೆ ದಾರಿಯಲ್ಲಿ ಬಂದದ್ದು, ಬಾಲ ಬೇರೆ ದಾರಿಯಲ್ಲಿ ಬಂದದ್ದು. ಎರಡೂ ನಡುವೆ ಬಂದು ಕೈ ಕುಲುಕಿದವು.

ಆದರೂ ಗಟ್ಟಿ ಮಾಡಿಕೊಳ್ಳೋಣ ಎಂದು ಏಳು ಸ್ಥಾನದ ಲಾಗ್ ಕೈಯಲ್ಲೇ ಕಟ್ಟಿದೆ. 2ರ ಲಾಗ್ 0.3010300, 3ರದ್ದು 0.4771213, ಇವೆರಡು ಕಾಲೇಜಿನಿಂದ ಬಾಯಲ್ಲಿವೆ. 9.167487ನ್ನು 9ರಿಂದ ಭಾಗಿಸಿದರೆ 1.01861. ಒಂದಕ್ಕಿಂತ ಚೂರೇ ಜಾಸ್ತಿ ಇರುವ ಸಂಖ್ಯೆಯ ಲಾಗ್‌ಗೆ ಶ್ರೇಢಿ ಇದೆಯಲ್ಲ, ಮೂರು ನಾಲ್ಕು ಪದ ಸಾಕು. ಎಲ್ಲ ಕೂಡಿ .9622503 ಬಂತು. 23ರಿಂದ ಭಾಗಿಸಿದರೆ 8.7374891. ಹಿಂದಕ್ಕೆ ತಿರುಗಿಸಲು 5.4ನ್ನು ಆಧಾರವಾಗಿ ಹಿಡಿದೆ, ಅದು ಎರಡು ಗುಣಿಸು ಇಪ್ಪತ್ತೇಳರ ಹತ್ತನೇ ಒಂದು ಪಾಲು, ಹಾಗಾಗಿ ಅದರ ಲಾಗ್ ಮೇಲಿನ ಎರಡರಿಂದಲೇ ಸಿಗುತ್ತದೆ. ಕೊನೆಗೆ 5.46372 ಎಂದು ಬಂತು. ಈ ಸಲ ಒಂದಲ್ಲ, 7 ಮತ್ತು 2 ಎರಡೂ ಬಾಲದ ಜೊತೆ ಕೂಡಿಕೊಂಡವು.

54,63,72,891.

ಮಗಳನ್ನು ಕರೆಯುವ ಮೊದಲು ಇನ್ನೊಂದು ತಾಳೆ ಹಾಕಿದೆ. 1001 ಅನ್ನುವುದು 7, 11, 13ರ ಗುಣಲಬ್ಧ. ಅದಕ್ಕೇ ಮೂರು ಮೂರು ಅಂಕಿಯ ಗುಂಪುಗಳನ್ನು ಕೊನೆಯಿಂದ ಒಂದು ಕೂಡಿ ಒಂದು ಕಳೆಯುತ್ತಾ ಬಂದರೆ ಮೂರು ಪರೀಕ್ಷೆಯೂ ಒಟ್ಟಿಗೇ ಆಗುತ್ತದೆ. 67 ಗುಂಪು ಮುಗಿಸಿದಾಗ ಕೂಡಿದ್ದು 17,709, ಕಳೆಯಬೇಕಾದದ್ದು 15,825, ಉಳಿದದ್ದು 1884. ನನ್ನ ಮೂಲಕ್ಕೆ ಹಾಗೇ ಮಾಡಿದರೆ 891ರಲ್ಲಿ 372 ಕಳೆದು 546 ಕೂಡಿ 1065. 7ರಿಂದ ಭಾಗಿಸಿದರೆ ಎರಡಕ್ಕೂ ಶೇಷ 1. 13ರಿಂದ ಭಾಗಿಸಿದರೆ ಎರಡಕ್ಕೂ 12, ಅಂದರೆ ಒಂದು ಕಮ್ಮಿ. ಒಂದು ಕಮ್ಮಿಯನ್ನು ಬೆಸ ಸಲ ಗುಣಿಸಿದರೆ ಒಂದು ಕಮ್ಮಿಯೇ. 11ರಲ್ಲಿ ಮಾತ್ರ ಸ್ವಲ್ಪ ಕೆಲಸ. ಮೂಲದ ಶೇಷ 9, ಅದರ ಘಾತಗಳು ಐದು ಹೆಜ್ಜೆಗೆ ಸುತ್ತುತ್ತವೆ, ಹಾಗಾಗಿ 9ರ ಘನ 729 ನೋಡಿದರೆ ಸಾಕು. ಅದಕ್ಕೆ ಶೇಷ 3. 1884ಕ್ಕೂ 3.

"ಪುಟ್ಟಿ, ಚೀಟಿ ತಾ" ಎಂದೆ. ಬಿಚ್ಚಿದಳು. 546372891.

ಅವಳು ಚೀಟಿಯನ್ನೇ ನೋಡುತ್ತಾ ನಿಂತಳು. "ಅಪ್ಪಾ, ಇದರಲ್ಲಿ ಒಂದರಿಂದ ಒಂಬತ್ತರವರೆಗೆ ಎಲ್ಲಾ ಅಂಕಿನೂ ಇದೆ. ಒಂದೊಂದೇ ಸಲ." ನಾಲ್ಕು ಸಂಜೆ ಆ ಅಂಕಿಗಳ ಜೊತೆ ಗುದ್ದಾಡಿದ್ದು ನಾನು, ಕಂಡದ್ದು ಅವಳಿಗೆ. ಪ್ರಶ್ನೆ ತಯಾರಿಸಿದವರು ಬೇಕಂತಲೇ ಹೀಗೆ ಆರಿಸಿರಬೇಕು. ಒಂದರಿಂದ ಒಂಬತ್ತರವರೆಗೆ ಕೂಡಿದರೆ 45, ಹಾಗಾಗಿ ಆ ಒಂಬತ್ತು ಅಂಕಿಗಳನ್ನು ಹೇಗೆ ಜೋಡಿಸಿದರೂ ಬರುವ ಸಂಖ್ಯೆ ಒಂಬತ್ತರಿಂದ ಹೋಗಲೇಬೇಕು. ಈ ಜೋಡಣೆ ಇನ್ನೂ ಒಂದು ಮೂರನ್ನು ಒಳಗಿಟ್ಟುಕೊಂಡಿದೆ: 27 ಗುಣಿಸು 2,02,36,033. ಆ ಎರಡನೆಯದರ ಅಂಕಿಗಳ ಮೊತ್ತ 19, ಅಲ್ಲಿಗೆ ಮೂರು ಮುಗಿಯಿತು. ಅಂದರೆ ಮೂಲದಲ್ಲಿ ಮೂರು ಸಲ 3. 201 ಅಂಕಿಯ ಸಂಖ್ಯೆಯಲ್ಲಿ 23 ಗುಣಿಸು 3, ಸರಿಯಾಗಿ 69 ಸಲ. ಆ ದೈತ್ಯನನ್ನು 3ರಿಂದ 69 ಸಲ ಶೇಷವಿಲ್ಲದೆ ಭಾಗಿಸಬಹುದು, ಎಪ್ಪತ್ತನೇ ಸಲ ಆಗುವುದಿಲ್ಲ. ಅದನ್ನು ನಾನು ಭಾಗಿಸಿ ನೋಡಿಲ್ಲ, ನೋಡಬೇಕಾಗೂ ಇಲ್ಲ.

ಇದರಿಂದ ಶಕುಂತಲಾ ದೇವಿಯವರ ಸಾಧನೆ ಚಿಕ್ಕದಾಯಿತೇ ಎಂದು ಮಗಳು ಕೇಳಿದಳು. ಅವರು ಇದೇ ದಾರಿ ಹಿಡಿದರು ಎಂದು ನಾನು ಹೇಳುತ್ತಿಲ್ಲ. ಹಿಡಿದಿದ್ದರೂ ನಾನು ಮೇಲೆ ಬರೆದದ್ದನ್ನೆಲ್ಲ 50 ಸೆಕೆಂಡಿನಲ್ಲಿ, ಹಾಳೆಯಿಲ್ಲದೆ, ಜನ ನೋಡುತ್ತಿರುವಾಗ ಮಾಡಬೇಕು. ದಾರಿ ಗೊತ್ತಿದ್ದ ಮಾತ್ರಕ್ಕೆ ಓಡೋಕಾಗುತ್ತಾ? 1988ರಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅವರನ್ನು ಪರೀಕ್ಷಿಸಿದಾಗ 6,16,29,875ರ ಘನಮೂಲವನ್ನೂ 17,08,59,375ರ ಏಳನೇ ಮೂಲವನ್ನೂ ಕೇಳಿದ್ದರು. ಜೆನ್ಸನ್ ಪ್ರಶ್ನೆ ಬರೆದುಕೊಳ್ಳುವಷ್ಟರಲ್ಲಿ 395, 15 ಎಂದು ಉತ್ತರ ಬಂದಿತ್ತು. ಎರಡೂ 5ರಲ್ಲಿ ಮುಗಿಯುತ್ತವೆ, ಗಮನಿಸಿ. ನಾನು ಹಿಡಿದ ಬಾಲದ ದಾರಿ ಅಲ್ಲಿ ಒಂದೇ ಅಂಕಿಗೆ ನಿಂತುಹೋಗುತ್ತದೆ. ಇನ್ನು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದಕ್ಕೆ ಬಾಲವೂ ಇಲ್ಲ, ಲಾಗೂ ಇಲ್ಲ. 26 ಅಂಕಿಯ ಉತ್ತರ, ಪ್ರತಿ ಅಂಕಿಯನ್ನೂ ದುಡಿದೇ ತರಬೇಕು. ನನಗೆ ಕೇಳಿದರೆ ಅದು 23ನೇ ಮೂಲಕ್ಕಿಂತ ದೊಡ್ಡದು. ಜನ ಮಾತಾಡೋದು ಮಾತ್ರ 201 ಅಂಕಿಯ ಬಗ್ಗೆಯೇ.

ಮರುದಿನ ರಾಯರಿಗೆ ಹೊಸ ಹಾಳೆ ತೋರಿಸಿದೆ. ಅಂಕಿಗಳನ್ನು ಕೂಡಿ ನಲವತ್ತೈದು ಎಂದರು, ತಲೆ ಆಡಿಸಿದರು. "ಬಾಯಿಪಾಠ ಅಲ್ಲ ಬಿಡು" ಎಂದು ಅಷ್ಟೇ ಹೇಳಿ ಲಾರಿ ತೂಕದ ಚೀಟಿ ನೋಡಲು ಹೋದರು.

ಎರಡು ದಿನ ಬಿಟ್ಟು ನನ್ನ ಮೇಜಿನ ಮೇಲೆ ಒಂದು ಹಳೇ ಬಿಲ್ಲು ಇತ್ತು. ಹಿಂಬದಿಯಲ್ಲಿ ರಾಯರ ದುಂಡು ಅಕ್ಷರ: "83,88,608. 23ನೇ ಮೂಲ?" ಕೊನೆಯಲ್ಲಿ 8 ಇದೆ, ಒಟ್ಟು ಏಳೇ ಅಂಕಿ. "ಎರಡು, ರಾಯರೇ" ಎಂದು ಕೂಗಿದೆ.

"ಎಷ್ಟು ಸೆಕೆಂಡ್ ತಗೊಂಡೆ?"

"ಒಂದು."

"ನಾನು ಡಬಲ್ ಮಾಡ್ತಾ ಮಾಡ್ತಾ ಅಲ್ಲಿಗೆ ಹೋಗೋಕೆ ಅರ್ಧ ಗಂಟೆ ಆಯ್ತು ಕಣಯ್ಯಾ" ಎಂದರು ರಾಯರು. ಬಿಲ್ಲಿನ ಅಂಚಿನಲ್ಲಿ ಎರಡು, ನಾಲ್ಕು, ಎಂಟು, ಹದಿನಾರು ಸಣ್ಣಗೆ ಸಾಲಾಗಿ ಬರೆದಿದ್ದು ಆಗ ಕಂಡಿತು. ಒಂದು ಕಡೆ ತಪ್ಪಿ ಹೊಡೆದು ಹಾಕಿ ಮತ್ತೆ ಬರೆದಿದ್ದರು.